ಸೋವಿಯತ್ ಬೈಸಿಕಲ್ಲಿನ ಹಳೆಯ ಚೌಕಟ್ಟುಗಳು: ಸಂಗ್ರಹ ಮತ್ತು ಜೀರ್ಣೋದ್ಧಾರ

ಪ್ರಾಚೀನ ವಸ್ತುಗಳ ರಕ್ಷಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುವು ದೇವಾಲಯ, ಶಿಲಾಶಾಸನ, ತಾಮ್ರಪಟ, ತಾಳೆಯೋಲೆಯ ಕಟ್ಟು ಇಂಥವೇ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗಿ, ಜನಸಾಮಾನ್ಯರು ದಿನವೂ ತುಳಿದು ಸವೆಸಿದ ಬೈಸಿಕಲ್ಲು ಈ ಸಾಲಿಗೆ ಸೇರಬಲ್ಲುದೆಂದು ಯಾರೂ ಸುಲಭವಾಗಿ ಒಪ್ಪಲಾರರು. ಆದರೆ ರಷ್ಯಾ, ಉಕ್ರೇನ್, ಬೆಲಾರೂಸ್ ಮತ್ತು ಬಾಲ್ಟಿಕ್ ತೀರದ ದೇಶಗಳಲ್ಲಿ ಇಂದು ಹಲವರು ಸೋವಿಯತ್ ಕಾಲದ ಬೈಸಿಕಲ್ಲುಗಳ ಚೌಕಟ್ಟುಗಳನ್ನು ಹುಡುಕಿ, ಗುರುತಿಸಿ, ಶುಚಿಗೊಳಿಸಿ ಕಾಪಾಡುತ್ತಿದ್ದಾರೆ. ಹಳೆಯದನ್ನು ಉಳಿಸುವುದೆಂದರೇನು, ಅದನ್ನು ಹೊಸದಾಗಿಸುವುದೆಂದರೇನು, ಇವೆರಡರ ನಡುವಣ ಅಂತರವೆಷ್ಟು ಎಂಬ ಗಹನವಾದ ಪ್ರಶ್ನೆಗೆ ಈ ಸಾಮಾನ್ಯ ವಸ್ತುವಿನ ಮೂಲಕ ದೊರೆಯುವ ಉತ್ತರವು ವಿದ್ಯಾವಂತರೆಲ್ಲರೂ ಆಲೋಚಿಸತಕ್ಕದ್ದಾಗಿದೆ.

ಮೊದಲಿಗೆ, ಇಡೀ ಬೈಸಿಕಲ್ಲನ್ನು ಬಿಟ್ಟು ಚೌಕಟ್ಟಿಗೇ ಏಕಿಷ್ಟು ಪ್ರಾಧಾನ್ಯ ಎಂಬುದನ್ನು ತಿಳಿಯಬೇಕು. ಟೈರು, ಟ್ಯೂಬು, ಚೈನು, ಕಡ್ಡಿ, ಸೀಟು, ಪೆಡಲು ಇವೆಲ್ಲ ಸವೆಯುವ ಅಂಗಗಳು. ಹತ್ತಿಪ್ಪತ್ತು ವರ್ಷ ಓಡಿದ ಬೈಸಿಕಲ್ಲಿನಲ್ಲಿ ಇವುಗಳಲ್ಲಿ ಒಂದಾದರೂ ಮೊದಲಿನದಾಗಿ ಉಳಿದಿರುವುದು ವಿರಳ. ಬದಲಾಗದೆ ಉಳಿಯುವುದು ಉಕ್ಕಿನ ಕೊಳವೆಗಳ ಚೌಕಟ್ಟು ಮಾತ್ರ. ಕಾರ್ಖಾನೆಯವರು ಸಂಖ್ಯೆಯನ್ನು ಒತ್ತುವುದೂ ಅದರ ಮೇಲೆಯೇ. ಆದುದರಿಂದ ಬೈಸಿಕಲ್ಲಿನ ಗುರುತು ಇರುವುದು ಚೌಕಟ್ಟಿನಲ್ಲಿ. ಉಳಿದುದೆಲ್ಲ ಅದರ ಪರಿವಾರ.

ಈ ಚೌಕಟ್ಟುಗಳ ಹಿಂದಿರುವ ಚರಿತ್ರೆಯೂ ಸ್ವಾರಸ್ಯವಾದುದು. ಅದರ ಮೂಲ ಸೋವಿಯತ್ ರಾಜ್ಯಕ್ಕಿಂತ ಹಿಂದಿನದು. ೧೮೮೬ರಲ್ಲಿ ಅಲೆಕ್ಸಾಂಡರ್ ಲೈಟ್ನರ್ ಎಂಬಾತನು, ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ರೀಗಾ ನಗರದಲ್ಲಿ ಬೈಸಿಕಲ್ಲಿನ ಕಾರ್ಖಾನೆಯನ್ನು ತೆರೆದನು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸಮೀಪಿಸಿದಾಗ, ೧೯೧೫ರಲ್ಲಿ, ಆ ಕಾರ್ಖಾನೆಯ ಯಂತ್ರಗಳನ್ನು ಖಾರ್ಕಿವ್ ನಗರಕ್ಕೆ ಸಾಗಿಸಲಾಯಿತು. ಆ ಬೀಜದಿಂದಲೇ ಮುಂದೆ ಪ್ರಸಿದ್ಧವಾದ ಖಾರ್ಕಿವ್ ಬೈಸಿಕಲ್ ಕಾರ್ಖಾನೆ ಬೆಳೆಯಿತು. ೧೯೨೮ರ ಸುಮಾರಿಗೆ ಪೆಂಜಾ ನಗರದ ಕಾರ್ಖಾನೆಯೂ ಈ ಕೆಲಸಕ್ಕೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಖಾರ್ಕಿವ್ ನಗರವು ೧೯೪೧ರಿಂದ ೧೯೪೩ರವರೆಗೆ ಶತ್ರುವಶವಾಗಿ ಬಹುಪಾಲು ಹಾಳಾಯಿತು. ಯುದ್ಧಾನಂತರ ಅಲ್ಲಿನ ಉತ್ಪಾದನೆ ಮರಳಿ ಚೇತರಿಸಿತು. ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ, ಸೋತ ಜರ್ಮನಿಯಿಂದ ಯುದ್ಧಪರಿಹಾರವಾಗಿ ಬಂದ ಯಂತ್ರೋಪಕರಣಗಳ ನೆರವಿನಿಂದ ಹೊಸ ಕಾರ್ಖಾನೆ ಎದ್ದಿತು. ೧೯೪೭ರಲ್ಲಿ ಅದರ ಬೈಸಿಕಲ್ಲುಗಳು ಹೊರಬಂದುವು. ಪೆರ್ಮ್, ಜುಕೊವ್ಕಾ, ಲಿಥುವೇನಿಯಾದ ಶ್ಯೌಲೈ ಮುಂತಾದ ಊರುಗಳ ಕಾರ್ಖಾನೆಗಳೂ ಇವುಗಳ ಜೊತೆಗೂಡಿದುವು.

ಬೈಸಿಕಲ್ಲುಗಳಿಗೆ ಇಟ್ಟ ಹೆಸರುಗಳೇ ಆ ಕಾಲದ ಮನೋಧರ್ಮವನ್ನು ಸಾರುತ್ತವೆ. ‘ಉಕ್ರೈನಾ’ ಎಂಬುದು ಖಾರ್ಕಿವಿನ ಗಟ್ಟಿಮುಟ್ಟಾದ ದಿನಬಳಕೆಯ ಬೈಸಿಕಲ್ಲು. ‘ಸ್ಪುಟ್ನಿಕ್’ ಎಂದರೆ ಸಹಯಾತ್ರಿ. ೧೯೫೭ರಲ್ಲಿ ಬಾನಿಗೇರಿದ ಕೃತಕ ಉಪಗ್ರಹಕ್ಕೂ ಅದೇ ಹೆಸರು. ಎಳೆಯರ ಬೈಸಿಕಲ್ಲು ‘ಒರ್ಲ್ಯೋನೊಕ್’, ಅಂದರೆ ಹದ್ದಿನ ಮರಿ. ಇನ್ನೊಂದು ‘ಶ್ಕೋಲ್ನಿಕ್’, ಅಂದರೆ ಶಾಲಾಬಾಲಕ. ಪೆರ್ಮಿನ ‘ಕಾಮಾ’, ಜುಕೊವ್ಕಾದ ‘ದೆಸ್ನಾ’ ಎಂಬ ಮಡಿಚುವ ಬೈಸಿಕಲ್ಲುಗಳು ನದಿಗಳ ಹೆಸರನ್ನು ಹೊತ್ತವು. ಸ್ಪರ್ಧೆಯ ಬೈಸಿಕಲ್ಲುಗಳಲ್ಲಿ ಖಾರ್ಕಿವಿನ ‘ಚಾಂಪಿಯೊನ್ ಶೊಸ್ಸೆ’ ಮತ್ತು ‘ಸ್ಟಾರ್ಟ್ ಶೊಸ್ಸೆ’ ಹೆಸರಾದವು. ಶೊಸ್ಸೆ ಎಂದರೆ ಹೆದ್ದಾರಿ. ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ವಿಕ್ಟರ್ ಕಪಿತೋನೊವ್, ಸುತ್ತುಗಳ ಎಣಿಕೆ ತಪ್ಪಿ ಒಂದು ಸುತ್ತು ಮೊದಲೇ ಸರ್ವಶಕ್ತಿಯಿಂದ ಮುನ್ನುಗ್ಗಿ, ಅನಂತರವೂ ಎದೆಗುಂದದೆ ಇನ್ನೊಂದು ಸುತ್ತು ತುಳಿದು ಸ್ವರ್ಣಪದಕ ಗೆದ್ದನು. ಇಂಥ ವಿಜಯಗಳ ಕಾಲದ ತರುಣರಿಗೆ ಸ್ಪರ್ಧೆಯ ಬೈಸಿಕಲ್ಲು ಹಂಬಲದ ವಸ್ತುವಾಗಿದ್ದುದು ಸಹಜ.

೧೯೯೧ರಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜನೆಗೊಂಡಿತು. ಹಿಂದೊಮ್ಮೆ ವರ್ಷಕ್ಕೆ ಹಲವು ದಶಲಕ್ಷ ಬೈಸಿಕಲ್ಲುಗಳನ್ನು ತಯಾರಿಸುತ್ತಿದ್ದ ಉದ್ಯಮವು ಕುಸಿಯಿತು. ಹಳೆಯ ಬೈಸಿಕಲ್ಲುಗಳು ಗುಜರಿಯ ರಾಶಿಗೆ ಹೋದುವು. ಉಳಿದವು ಹಳ್ಳಿಯ ಮನೆಗಳ ಕೊಟ್ಟಿಗೆಗಳಲ್ಲಿ, ಅಟ್ಟಗಳಲ್ಲಿ ತುಕ್ಕು ಹಿಡಿಯುತ್ತ ಬಿದ್ದುವು. ಸಂಗ್ರಾಹಕರು ಇವುಗಳನ್ನು ಹುಡುಕುವುದು ಇಂಥ ಕೊಟ್ಟಿಗೆಗಳಲ್ಲಿ, ಗುಜರಿಯವರಲ್ಲಿ ಮತ್ತು ಸೇಂಟ್ ಪೀಟರ್ಸ್‌ಬರ್ಗಿನ ಉದೆಲ್ನಾಯಾದಂತಹ ಹಳೆಯ ಸಾಮಾನಿನ ಸಂತೆಗಳಲ್ಲಿ. ಅವುಗಳನ್ನು ತಯಾರಿಸಿದ ರಾಜ್ಯವೇ ಇಲ್ಲವಾದ ಮೇಲೆ, ಆ ಶ್ರಮದ ಚರಿತ್ರೆಗೆ ಪ್ರತ್ಯಕ್ಷ ಪ್ರಮಾಣವಾಗಿ ಉಳಿದಿರುವುದು ಆ ಕೊಳವೆ, ಆ ಬೆಸುಗೆ, ಆ ಬಣ್ಣ. ಮುಂದೆ ಹೇಳುವ ಎಲ್ಲ ವಿಧಿನಿಷೇಧಗಳಿಗೂ ಇದೇ ಆಧಾರ.

ಸಂಗ್ರಾಹಕನ ಪ್ರಥಮ ಕರ್ತವ್ಯವು ಕಾಲನಿರ್ಣಯ. ನಾವು ಓಲೆಯ ಪ್ರತಿಯೊಂದು ಕೈಗೆ ಬಂದರೆ ಲಿಪಿ, ಭಾಷೆ, ಪುಷ್ಪಿಕೆಗಳನ್ನು ಪರಿಶೀಲಿಸುತ್ತೇವಷ್ಟೆ. ಇಲ್ಲಿಯೂ ಹಾಗೆಯೇ. ಸೀಟಿನ ಕೊಳವೆಯ ಮೇಲೋ ಪೆಡಲಿನ ಅಚ್ಚು ಕೂರುವ ಅಡ್ಡಕೊಳವೆಯ ಅಡಿಯಲ್ಲೋ ಒತ್ತಿದ ಸಂಖ್ಯೆಯನ್ನು ಮೊದಲು ಓದಬೇಕು. ಹಲವು ಚೌಕಟ್ಟುಗಳಲ್ಲಿ ಅದರೊಡನೆ ವರ್ಷದ ಕೊನೆಯ ಎರಡು ಅಂಕಿಗಳೂ ಇರುತ್ತವೆ. ಮುಂಗೊಳವೆಯ ಲಾಂಛನದಿಂದ ಕಾರ್ಖಾನೆ ತಿಳಿಯುತ್ತದೆ. ಐದು ಮೂಲೆಯ ಸರಕಾರಿ ಗುಣಮುದ್ರೆ ಕಂಡರೆ ಆ ಚೌಕಟ್ಟು ೧೯೬೭ಕ್ಕಿಂತ ಹಿಂದಿನದಲ್ಲವೆಂದು ನಿಶ್ಚಯಿಸಬಹುದು, ಏಕೆಂದರೆ ಆ ಮುದ್ರೆ ಜಾರಿಗೆ ಬಂದುದೇ ಆ ವರ್ಷ. ಬೈಸಿಕಲ್ಲಿನೊಡನೆ ‘ಪಾಸ್‌ಪೋರ್ಟ್’ ಎಂಬ ಕಿರುಪುಸ್ತಿಕೆಯನ್ನು ಕೊಡುತ್ತಿದ್ದರು. ಅದು ದೊರೆತರೆ ಸಂಗ್ರಾಹಕನಿಗೆ ಪುಷ್ಪಿಕೆಯೇ ಸಿಕ್ಕಂತೆ.

ಇಲ್ಲಿ ಎಚ್ಚರವೂ ಬೇಕು. ಸಾಮಾನ್ಯ ಚೌಕಟ್ಟಿಗೆ ಸ್ಪರ್ಧೆಯ ಬೈಸಿಕಲ್ಲಿನ ಹೆಸರುಪಟ್ಟಿಯನ್ನು ಅಂಟಿಸಿ ಬೆಲೆ ಹೆಚ್ಚಿಸುವುದು ಕಷ್ಟವಲ್ಲ. ದಿನಬಳಕೆಯ ಚೌಕಟ್ಟು ಸಾಧಾರಣ ಉಕ್ಕಿನದು, ತೂಕವಾದುದು. ಸ್ಪರ್ಧೆಯ ಚೌಕಟ್ಟಿಗಾದರೋ ಕ್ರೋಮಿಯಂ, ಮ್ಯಾಂಗನೀಸ್, ಸಿಲಿಕಾನ್ ಬೆರೆತ, ವಿಮಾನ ನಿರ್ಮಾಣದಲ್ಲಿಯೂ ಬಳಕೆಯಾದ ಮಿಶ್ರಲೋಹದ ತೆಳುಗೊಳವೆಗಳನ್ನು ಉಪಯೋಗಿಸುತ್ತಿದ್ದರು. ತೂಗಿ ನೋಡಿದರೆ, ಹಿಂಚಕ್ರ ಕೂರುವ ತುದಿಗಳನ್ನೂ ಕೊಳವೆಗಳು ಕೂಡುವ ಲಗ್ಗುಗಳನ್ನೂ ಪರೀಕ್ಷಿಸಿದರೆ, ಹೆಸರುಪಟ್ಟಿ ಹೇಳುವ ಮಾತು ದಿಟವೋ ಪ್ರಕ್ಷಿಪ್ತವೋ ಗೊತ್ತಾಗುತ್ತದೆ.

ಎರಡನೆಯದು ದೇಹಪರೀಕ್ಷೆ. ಚೌಕಟ್ಟು ನೇರವಾಗಿದೆಯೆ ಎಂಬುದನ್ನು ಒಂದು ದಾರದಿಂದಲೇ ಅರಿಯಬಹುದು. ಹಿಂಚಕ್ರದ ಒಂದು ತುದಿಗೆ ದಾರವನ್ನು ಕಟ್ಟಿ, ಮುಂಗೊಳವೆಯನ್ನು ಬಳಸಿ ತಂದು ಇನ್ನೊಂದು ತುದಿಗೆ ಬಿಗಿದು, ಸೀಟಿನ ಕೊಳವೆಗೂ ಎರಡು ಬದಿಯ ದಾರಕ್ಕೂ ಇರುವ ಅಂತರವನ್ನು ಅಳೆಯಬೇಕು. ಎರಡೂ ಸಮನಾಗಿದ್ದರೆ ಚೌಕಟ್ಟು ಓರೆಯಾಗಿಲ್ಲ. ಮುಂಗೊಳವೆಯ ಹಿಂದೆ, ಕೆಳಗೊಳವೆಯ ಅಡಿಭಾಗದಲ್ಲಿ ಉಬ್ಬು ಅಥವಾ ಬಣ್ಣದ ಸುಕ್ಕು ಕಂಡರೆ ಅದು ಎಂದೋ ಎದುರಿಗೆ ಡಿಕ್ಕಿ ಹೊಡೆದುದರ ಕುರುಹು. ಲಗ್ಗುಗಳ ಅಂಚಿನಲ್ಲಿ, ಮುಂದಿನ ಫೋರ್ಕಿನ ನೆತ್ತಿಯಲ್ಲಿ ಕೂದಲೆಳೆಯಂತಹ ಬಿರುಕುಗಳಿವೆಯೆ ಎಂದು ನೋಡಬೇಕು. ಬಿರುಕುಬಿಟ್ಟ ಫೋರ್ಕಿನ ಮೇಲೆ ಸವಾರಿ ಮಾಡುವುದು ಪ್ರಾಣಾಪಾಯ. ಅದನ್ನು ನೋಟಕ್ಕಿಡಬಹುದೇ ಹೊರತು ರಸ್ತೆಗೆ ಇಳಿಸಲಾಗದು. ಮಿಶ್ರಲೋಹದ ಕೊಳವೆಗೆ ಅರೆತಿಳಿವಳಿಕೆಯವರು ಬೆಸುಗೆ ಹಾಕಿ ಅತಿಯಾಗಿ ಕಾಯಿಸಿದರೆ, ಬೆಸುಗೆಯ ಪಕ್ಕದ ಲೋಹ ಪೆಡಸಾಗಿ ಮತ್ತೆ ಬಿರಿಯುತ್ತದೆ.

ಮೂರನೆಯದು ಬಿಚ್ಚುವಿಕೆ. ಸೀಟಿನ ಕಂಬವೂ ಹ್ಯಾಂಡಲ್ಲಿನ ಕಾಂಡವೂ ದಶಕಗಳ ತುಕ್ಕಿನಿಂದ ಕೊಳವೆಯೊಳಗೆ ಕಚ್ಚಿಕೊಂಡಿರುತ್ತವೆ. ತುಕ್ಕಿನೊಳಗೆ ಇಳಿಯುವ ತೆಳುವಾದ ಎಣ್ಣೆಯನ್ನು ಬಿಟ್ಟು ದಿನಗಟ್ಟಲೆ ಕಾಯುವುದೇ ಇದಕ್ಕೆ ಮದ್ದು. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನನ್ನು ತೆಗೆಯುವಾಗ, ತೋಳಿನ ಅಡಿಗೆ ಗಟ್ಟಿಯಾದ ಆಸರೆ ಕೊಟ್ಟು ಹೊಡೆಯಬೇಕು. ಇಲ್ಲವಾದರೆ ಪೆಟ್ಟೆಲ್ಲವೂ ಗುಂಡುಗಳಿಗೆ ತಗುಲಿ ಕೆಡುತ್ತವೆ. ದಿನಬಳಕೆಯ ಬೈಸಿಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರ ನಿಲ್ಲುವ ಬ್ರೇಕು ಸಾಮಾನ್ಯ. ಅದರ ಅಂಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡತಕ್ಕದ್ದು.

ನಾಲ್ಕನೆಯದೂ ಅತಿ ಮುಖ್ಯವಾದುದೂ ಬಣ್ಣದ ಪ್ರಶ್ನೆ. ಹೊಸಬರು ಇಲ್ಲಿಯೇ ಎಡವುತ್ತಾರೆ. ಮರಳುಕಾಗದದಿಂದ ಎಲ್ಲವನ್ನೂ ಉಜ್ಜಿ ತೆಗೆದು, ಹೊಳೆಯುವ ಹೊಸ ಬಣ್ಣವನ್ನು ಬಳಿದು ‘ಜೀರ್ಣೋದ್ಧಾರವಾಯಿತು’ ಎನ್ನುತ್ತಾರೆ. ವಾಸ್ತವದಲ್ಲಿ ಅಲ್ಲಿ ಆದುದು ಸಾಕ್ಷ್ಯನಾಶ. ಕಾರ್ಖಾನೆಯ ಮೂಲ ಬಣ್ಣ, ಅದರ ಮೇಲೆ ಕಾರ್ಮಿಕನೊಬ್ಬ ಕುಂಚದಿಂದ ಎಳೆದ ಸಣ್ಣ ಗೆರೆ, ಅಂಟಿಸಿದ ಹೆಸರುಪಟ್ಟಿ ಇವು ಒಮ್ಮೆ ಹೋದರೆ ಮರಳಿ ಬಾರವು. ಆದಕಾರಣ ಬಲ್ಲವರು ಮೊದಲು ಸೌಮ್ಯವಾದ ಸಾಬೂನಿನ ನೀರಿನಿಂದ ಮರೆಯ ಜಾಗವೊಂದನ್ನು ತೊಳೆದು ಬಣ್ಣ ತಡೆಯುವುದೇ ಎಂದು ಪರೀಕ್ಷಿಸುತ್ತಾರೆ. ತುಕ್ಕಿಗೆ ಆಕ್ಸಾಲಿಕ್ ಆಮ್ಲದ ತೆಳುವಾದ ದ್ರಾವಣ ಪ್ರಶಸ್ತ. ಅದು ತುಕ್ಕನ್ನು ಕರಗಿಸಿ ಬಣ್ಣವನ್ನು ಬಹುಮಟ್ಟಿಗೆ ಉಳಿಸುತ್ತದೆ. ಅದು ವಿಷವಾದುದರಿಂದ ಕೈಗವಸು ಬೇಕು, ಮಕ್ಕಳ ಕೈಗೆ ಸಿಗದಂತಿರಬೇಕು, ಕೊನೆಯಲ್ಲಿ ಅಡಿಗೆಸೋಡದ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಕ್ರೋಮಿಯಂ ಲೇಪದ ಭಾಗಗಳ ಮೇಲಣ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅನಂತರ ಹೊರಗೆ ಮೇಣವನ್ನೂ ಕೊಳವೆಗಳ ಒಳಗೆ ಅಗಸೆ ಎಣ್ಣೆಯನ್ನೂ ಲೇಪಿಸಿದರೆ ಚೌಕಟ್ಟು ಬಹುಕಾಲ ಬಾಳುತ್ತದೆ.

ಬಣ್ಣವು ಪೂರ್ಣವಾಗಿ ನಾಶವಾಗಿದ್ದರೆ ಮತ್ತೆ ಬಳಿಯುವುದು ಅನಿವಾರ್ಯ. ಆಗಲೂ ಮೊದಲು ಛಾಯಾಚಿತ್ರ ತೆಗೆದು, ಅಕ್ಷರಗಳ ಅಚ್ಚನ್ನು ಪಾರದರ್ಶಕ ಕಾಗದದ ಮೇಲೆ ಇಳಿಸಿಕೊಂಡು, ಲಗ್ಗುಗಳ ಸಂದಿಯಲ್ಲೋ ಲಾಂಛನದ ಮರೆಯಲ್ಲೋ ಉಳಿದ ಮೂಲವರ್ಣವನ್ನು ಕಂಡುಕೊಳ್ಳಬೇಕು. ಅಂತಹ ಒಂದು ಚೂರನ್ನಾದರೂ ಹಾಗೆಯೇ ಬಿಡುವುದು ಉತ್ತಮ. ತೆಳುಗೊಳವೆಗಳ ಮೇಲೆ ರಭಸವಾದ ಮರಳಿನ ಸಿಡಿತ ಸಲ್ಲದು. ಸಂಖ್ಯೆಯ ಮೇಲೆ ದಪ್ಪನಾಗಿ ಬಣ್ಣ ಬಳಿದು ಮುಚ್ಚುವುದಂತೂ ಪುಷ್ಪಿಕೆಗೆ ಮಸಿ ಬಳಿದಂತೆ.

ಬಿಡಿಭಾಗಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಅನಗತ್ಯ. ದೊಡ್ಡ ಬೈಸಿಕಲ್ಲುಗಳ ರಿಮ್ಮಿನ ಅಳತೆ ೬೨೨ ಮಿಲಿಮೀಟರ್. ಇಂದಿನ ರಸ್ತೆಬೈಸಿಕಲ್ಲುಗಳದೂ ಅದೇ ಆದುದರಿಂದ ಹೊಸ ಟೈರನ್ನು ಹೊಂದಿಸಬಹುದು. ಆದರೆ ಏನನ್ನು ಬದಲಿಸಿದೆವೆಂಬುದನ್ನು ಬರೆದಿಡಬೇಕು. ತೆಗೆದ ಹಳೆಯ ಭಾಗವನ್ನು ಎಸೆಯದೆ ಕಟ್ಟಿ ಇಡಬೇಕು. ಈಗ ಮಾಡಿದುದನ್ನು ಮುಂದಿನವನು ಹಾನಿಯಿಲ್ಲದೆ ಬಿಚ್ಚಬಲ್ಲಂತಿರಬೇಕೆಂಬುದು ಜೀರ್ಣೋದ್ಧಾರದ ಸುವರ್ಣಸೂತ್ರ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಸೂತ್ರ ಹೊಸದಲ್ಲ. ಸಂಪಾದಕನು ತುಟಿತವಾದ ಪಾಠವನ್ನು ತನ್ನ ಪ್ರತಿಭೆಯಿಂದ ತುಂಬಿ ಮೂಲವೆಂದು ಸಾರುವುದಿಲ್ಲ. ಊಹಿಸಿದುದನ್ನು ಕಂಸದಲ್ಲಿಡುತ್ತಾನೆ, ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ, ತಿಳಿಯದ ಎಡೆಯನ್ನು ತೆರಪಾಗಿ ಬಿಡುತ್ತಾನೆ. ಡಾ. ಫ. ಗು. ಹಳಕಟ್ಟಿಯವರಂತಹ ಮಹನೀಯರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸದಿದ್ದರೆ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ ಹೊರಬರುತ್ತಿರಲಿಲ್ಲ. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಆ ಕಟ್ಟುಗಳಿಗೂ ಕೊಟ್ಟಿಗೆಯ ತುಕ್ಕುಹಿಡಿದ ಉಕ್ಕಿಗೂ ಪಾವಿತ್ರ್ಯದಲ್ಲಿ ಹೋಲಿಕೆಯಿಲ್ಲ. ಆದರೆ ರಕ್ಷಿಸುವವನಿಗೆ ಬೇಕಾದ ತಾಳ್ಮೆ, ಸತ್ಯನಿಷ್ಠೆ, ತನ್ನನ್ನು ಹಿಂದಿರಿಸಿಕೊಳ್ಳುವ ವಿನಯ ಎರಡೆಡೆಯಲ್ಲಿಯೂ ಒಂದೇ.

೨೦೨೨ರ ಫೆಬ್ರುವರಿಯಲ್ಲಿ ಆರಂಭವಾದ ಯುದ್ಧದಲ್ಲಿ ಖಾರ್ಕಿವ್ ನಗರವು ಮತ್ತೆ ಬಾಂಬುದಾಳಿಗೆ ತುತ್ತಾಯಿತು. ರೀಗಾದಿಂದ ಒಂದು ಯುದ್ಧವು ಅಲ್ಲಿಗೆ ತಂದ ವಿದ್ಯೆ, ಇನ್ನೊಂದು ಯುದ್ಧವನ್ನು ದಾಟಿ ಬೆಳೆದ ವಿದ್ಯೆ ಅದು. ಆ ಊರಿನ ಹೆಸರನ್ನು ಹೊತ್ತ ಚೌಕಟ್ಟುಗಳು ಈಗ ಪರಸ್ಪರ ಹೋರಾಡುವ ಎರಡು ದೇಶಗಳ ಮನೆಗಳಲ್ಲಿಯೂ ಇವೆ. ಅವುಗಳ ಗೆರೆಗಳನ್ನು ಎಳೆದ, ಲಗ್ಗುಗಳನ್ನು ಅರದಿಂದ ತಿದ್ದಿದ ಕೈಗಳ ಒಡೆಯರು ಯಾರೆಂಬುದು ಎಲ್ಲಿಯೂ ಬರೆದಿಲ್ಲ. ಅವರ ಕಾಯಕ ಮಾತ್ರ ಉಳಿದಿದೆ. ಕಾಯಕವನ್ನು ಪೂಜ್ಯವೆಂದು ತಿಳಿದ ಪರಂಪರೆಯಲ್ಲಿ ಬೆಳೆದ ನಮಗೆ ಇದರ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ಹಳೆಯ ವಸ್ತುವೊಂದು ನಮ್ಮ ಕೈಗೆ ಬಂದಾಗ, ಅದು ಹೊಳೆಯುವಂತೆ ಮಾಡುವ ಆತುರಕ್ಕಿಂತ ಮೊದಲು ಅದು ಏನು ಹೇಳುತ್ತಿದೆ ಎಂದು ಕೇಳುವ ಅಭ್ಯಾಸವನ್ನು ಅಧ್ಯಾಪಕರು ವಿದ್ಯಾರ್ಥಿಗಳಲ್ಲಿ ಬೆಳೆಸಿದರೆ, ಉಳಿಯಬೇಕಾದುದು ತಾನಾಗಿಯೇ ಉಳಿಯುವುದು.