ಪಿಕಪ್ ಎತ್ತರಿಸುವ ಮುನ್ನ

ಚಳಿಗಾಲ ಬಂತೆಂದರೆ ಬಹರೈನ್‌ನಲ್ಲಿ ನಾವು ಮಕ್ಕಳೊಡನೆ ಸಖೀರ್ ಮರುಭೂಮಿಯ ಡೇರೆಗಳತ್ತ ಹೊರಡುತ್ತೇವೆ. ತಳ ಕಲ್ಲಿಗೆ ತಾಗದಿರಲೆಂದು ಪಿಕಪ್ಪನ್ನು 2 ಅಂಗುಲ ಎತ್ತರಿಸುವ ಆಸೆ ಹಲವರಿಗುಂಟು. ಎತ್ತರಕ್ಕೂ ಮೊದಲು ಹೊರೆಯನ್ನು ಲೆಕ್ಕಹಾಕಬೇಕು: ಸದಾ ಭಾರ ಹೊರುವ ವಾಹನದ ಗಡಸು ಸ್ಪ್ರಿಂಗನ್ನು ಖಾಲಿ ಓಡುವ ಪಿಕಪ್ಪಿಗೆ ಹಾಕಿದರೆ ಒಳಗಿರುವವರ ಸೊಂಟಕ್ಕೆ ಶಿಕ್ಷೆ. ಸ್ಪ್ರಿಂಗಿನೊಡನೆ ಅದಕ್ಕೊಪ್ಪುವ ಉದ್ದದ ಶಾಕ್ ಅಬ್ಸಾರ್ಬರ್ ಬೇಕು. ಹಿಂಬದಿಯ ಲೀಫ್ ಸ್ಪ್ರಿಂಗುಗಳಿಗೆ ಯು-ಬೋಲ್ಟುಗಳೂ ಹೊಸವೇ ಆಗಿರಬೇಕು.

ನಾವು ಮರೆಯುವುದು ಬ್ರೇಕಿನ ರಬ್ಬರ್ ಕೊಳವೆಯನ್ನು. ಗಾಲಿ ಗುಂಡಿಗಿಳಿದು ಜೋತಾಗ ಅದು ಎಳೆದು ಹರಿದರೆ ಬ್ರೇಕ್ ಕೈಕೊಟ್ಟಂತೆಯೇ. ಆದುದರಿಂದ ಜೋಡಣೆಯ ಬಳಿಕ ವಾಹನವನ್ನು ಮೇಲೆತ್ತಿಸಿ, ಗಾಲಿಗಳನ್ನು ಇಳಿಬಿಟ್ಟು, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಕೊಳವೆ ಬಿಗಿಯಾದರೆ ಉದ್ದನೆಯದನ್ನು ಹಾಕಿಸಿ, ಅನಂತರವೇ ವೀಲ್ ಅಲೈನ್‌ಮೆಂಟ್ ಮಾಡಿಸತಕ್ಕದ್ದು.