ಸೇವೆಗೆ ಮುಪ್ಪಿಲ್ಲ

ಸೆಪ್ಟೆಂಬರ್ 8 ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಮೊಂತಿ ಫೆಸ್ತ್. ಮಾತೆ ಮರಿಯಳ ಹುಟ್ಟುಹಬ್ಬವೂ ಅದೇ, ಹೊಸ ತೆನೆಯ ಹಬ್ಬವೂ ಅದೇ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮಳೆಯಲ್ಲಿ ನೆನೆದ ಹೂಗಳನ್ನು ಕೊಯ್ದು, ಬುಟ್ಟಿ ತುಂಬಿಸಿಕೊಂಡು ಇಗರ್ಜಿಗೆ ಬರುತ್ತಾರೆ. ಸಾಲಾಗಿ ನಡೆದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪೂಜೆಯ ಬಳಿಕ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಅದನ್ನು ಎಲ್ಲರಿಗೂ ಹಂಚುತ್ತಾರೆ. ಹೂ ತರುವ ಕೆಲಸ ಮಕ್ಕಳದು, ಹೊಸತು ಹಂಚುವ ಕೆಲಸ ಹಿರಿಯರದು. ಆ ದಿನ ಮನೆಯಲ್ಲಿ ಯಾರೂ ಬೇಡವಾದವರಲ್ಲ.

ವರ್ಷದ ಉಳಿದ ದಿನಗಳಲ್ಲಿ ಹಾಗಿರುವುದಿಲ್ಲ. ಮುಂಬೈಯಲ್ಲೋ ಗಲ್ಫಿನಲ್ಲೋ ದುಡಿದು ಅರವತ್ತರ ಹೊತ್ತಿಗೆ ಊರಿಗೆ ಮರಳಿದವರು, ಶಾಲೆ-ಬ್ಯಾಂಕುಗಳಿಂದ ನಿವೃತ್ತರಾದವರು ‘ನಮ್ದ್ ಆಯ್ತ್, ಇನ್ ಮಕ್ಳ್ ಕಾಣ್ಲಿ’ ಎಂದು ಕೈಕಟ್ಟಿ ಕೂರುತ್ತಾರೆ. ಏನಾದರೂ ಮಾಡಬೇಕೆಂದು ಮುಂದೆ ಬರುವ ಹುಡುಗರಿಗೆ ‘ನಿಮಗಿನ್ನೂ ಪ್ರಾಯ ಆಗಲಿಲ್ಲ’ ಎಂಬ ಮಾತು ಸಿಗುತ್ತದೆ. ದೇವರ ಕೆಲಸಕ್ಕೆ ಒಬ್ಬರು ತೀರ ಎಳೆಯರು, ಇನ್ನೊಬ್ಬರು ತೀರ ಹಳಬರು. ಇದೇ ಕರಾವಳಿಯಲ್ಲಿ ಓಡಾಡಿದ ಕೆಲವರ ಬದುಕನ್ನು ನೋಡಿದರೆ ಈ ಲೆಕ್ಕ ಎಷ್ಟು ತಪ್ಪೆಂದು ತಿಳಿಯುತ್ತದೆ.

ಮೂವತ್ತರ ಪ್ರಾಯದ ಪಾದ್ರಿ

ಕುಂದಾಪುರದ ರೋಜರಿ ಮಾತೆಯ ಇಗರ್ಜಿ 1570ರಷ್ಟು ಹಿಂದಿನದು; ಕೆನರಾದ ಅತಿ ಹಳೆಯ ಇಗರ್ಜಿಗಳಲ್ಲಿ ಒಂದು. ಈ ಸೀಮೆಗೆ 1681ರಲ್ಲಿ ಗೋವಾದಿಂದ ಬಂದವರು ಫಾದರ್ ಜೋಸೆಫ್ ವಾಜ್. ಹುಟ್ಟಿದ್ದು 1651ರಲ್ಲಿ, ಅಂದರೆ ಕೆನರಾ ಮಿಷನ್ನಿನ ಹೊಣೆ ಹೊತ್ತಾಗ ಅವರಿಗೆ ಮೂವತ್ತರ ಪ್ರಾಯ. ಮಂಗಳೂರಿನಿಂದ ಬಸ್ರೂರು, ಕುಂದಾಪುರ, ಗಂಗೊಳ್ಳಿಯ ತನಕ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಅವರು ಹುಡುಕಿ ಹೋಗಿ ಒಗ್ಗೂಡಿಸಿದರು. ಇಲ್ಲಿದ್ದದ್ದು ಮೂರು ವರ್ಷ ಮಾತ್ರ. ಆದರೂ ಕುಂದಾಪುರದವರು ಇಂದಿಗೂ ಅವರನ್ನು ತಮ್ಮವರೆಂದೇ ನೆನೆಯುತ್ತಾರೆ.

1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿನ ಡಚ್ಚರ ಆಡಳಿತದಲ್ಲಿ ಕಥೋಲಿಕ ಪಾದ್ರಿಗಳಿಗೆ ಪ್ರವೇಶವಿರಲಿಲ್ಲ. ಕ್ಯಾಂಡಿಯಲ್ಲಿ ಗೂಢಚಾರನೆಂಬ ಗುಮಾನಿಯಲ್ಲಿ ಸೆರೆಯಾದರು. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡುತ್ತಿದ್ದಾಗ ಅವರ ಪಕ್ಕದಲ್ಲಿ ನಿಂತು ಆರೈಕೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡಾಗ ಅವರಿಗೆ ಅರವತ್ತೂ ತುಂಬಿರಲಿಲ್ಲ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಅವರು ಕೆಲಸ ಮಾಡಿದ ರೀತಿಯನ್ನು ಗಮನಿಸಬೇಕು. ಪಾದ್ರಿಗಳು ಅಪರೂಪವಾಗಿದ್ದ ಆ ನಾಡಿನ ಪ್ರತಿ ಹಳ್ಳಿಯಲ್ಲೂ ಸಾಮಾನ್ಯ ಭಕ್ತರನ್ನೇ ಮುಂದಾಳುಗಳಾಗಿ ನಿಲ್ಲಿಸಿದರು. ಪ್ರಾರ್ಥನೆ ನಡೆಸುವುದನ್ನೂ ಮಕ್ಕಳಿಗೆ ಕಲಿಸುವುದನ್ನೂ ಅವರ ಕೈಗೆ ಕೊಟ್ಟರು. ಒಬ್ಬರ ದುಡಿಮೆ ಅವರೊಂದಿಗೇ ಮುಗಿಯದಂತೆ ನೋಡಿಕೊಂಡರು.

ಬ್ರಹ್ಮಾವರದ ಹಿರಿಯ ಜೀವಗಳು

ಬ್ರಹ್ಮಾವರದಲ್ಲಿ ಸಿಗುವುದು ಇನ್ನೊಂದು ಬಗೆಯ ಉದಾಹರಣೆ. 1836ರಲ್ಲಿ ಗೋವಾದ ವೆರ್ಣಾದಲ್ಲಿ ಹುಟ್ಟಿದ ಅಲ್ವಾರಿಸ್ ಕಥೋಲಿಕ ಪಾದ್ರಿಯಾಗಿದ್ದವರು; ಪತ್ರಿಕೆಗಳನ್ನು ನಡೆಸಿದವರು. ಕಥೋಲಿಕ ಸಭೆಯ ಆಡಳಿತದ ವಿವಾದದಲ್ಲಿ ಆ ಸಭೆಯನ್ನು ತೊರೆದು 1889ರಲ್ಲಿ, ಐವತ್ಮೂರರ ಪ್ರಾಯದಲ್ಲಿ, ಕೇರಳದ ಆರ್ಥೊಡಾಕ್ಸ್ ಸಭೆಯಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಮೆಟ್ರೊಪಾಲಿಟನ್ ಆದರು. ಬ್ರಹ್ಮಾವರದ ಹಲವು ಕುಟುಂಬಗಳು ಅವರ ಜೊತೆ ನಿಂತವು. ಇಲ್ಲಿನ ಆರ್ಥೊಡಾಕ್ಸ್ ಸಮುದಾಯದ ಬೇರು ಅದೇ.

ಬೇರೆಯವರಾದರೆ ವಿಶ್ರಾಂತಿಯ ಯೋಚನೆ ಮಾಡುವ ವಯಸ್ಸಿನಲ್ಲಿ ಅವರು ಪಣಜಿಯ ಬಡವರ ನಡುವೆ ದುಡಿದರು. ಕಾಲರಾ ಬಂದಾಗ ಚಿಕಿತ್ಸೆಯ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವಂತೆ ಕಿರುಹೊತ್ತಗೆ ಬರೆದರು. ಹಸಿವು ನೀಗಲೆಂದು ಮರಗೆಣಸು ಬೆಳೆಯುವುದನ್ನು ಪ್ರಚಾರ ಮಾಡಿದರು. ನಿರ್ಗತಿಕರಿಗಾಗಿ ಬೀದಿಯಲ್ಲಿ ಕೈಚಾಚಿ ಹಣ ಕೂಡಿಸಿದರು. ಬಿಷಪ್ ಪದವಿಯಲ್ಲಿದ್ದ ಮುದುಕರೊಬ್ಬರು ಪರರಿಗಾಗಿ ಬೇಡಲು ನಾಚಲಿಲ್ಲ. 1923ರ ಸೆಪ್ಟೆಂಬರ್ 23ರಂದು, ಎಂಬತ್ತೇಳರಲ್ಲಿ, ರಿಬಂದರಿನ ಬಡವರ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಅವರ ಒಡನಾಡಿ ಪಾದ್ರಿ ನೊರೊನ್ಹಾ ಬ್ರಹ್ಮಾವರದಲ್ಲೇ ನೆಲೆನಿಂತರು. ಅಲ್ವಾರಿಸರ ಬಳಿಕವೂ ಹದಿಮೂರು ವರ್ಷ ಆ ಸಣ್ಣ ಸಮುದಾಯವನ್ನು ಕಾಪಾಡಿಕೊಂಡು ಬಂದು, 1936ರ ಜುಲೈ 23ರಂದು ತೀರಿಕೊಂಡರು. ಆಗ ಅವರ ಪ್ರಾಯವೂ ಎಂಬತ್ತು ದಾಟಿತ್ತು. ಪ್ರತಿ ಜುಲೈಯಲ್ಲಿ ಅವರ ಸ್ಮರಣೆ ನಡೆಯುತ್ತದೆ. ಸೇಂಟ್ ಮೇರೀಸ್ ಸಿರಿಯನ್ ಕೆಥೆಡ್ರಲಿನ ನೆರಳಲ್ಲಿ ಬೆಳೆದ ಎಸ್‌ಎಂಎಸ್ ವಿದ್ಯಾಸಂಸ್ಥೆಗಳಲ್ಲಿ ಎಲ್ಲ ಜಾತಿ-ಮತದ ಮಕ್ಕಳು ಓದುತ್ತಾರೆ. 2010ರಲ್ಲಿ ಬ್ರಹ್ಮಾವರವೇ ಒಂದು ಧರ್ಮಪ್ರಾಂತ್ಯದ ಕೇಂದ್ರವಾಯಿತು. ಆ ಇಬ್ಬರೂ ಅದನ್ನು ಕಾಣಲಿಲ್ಲ. ತಮ್ಮ ಕಣ್ಣಿಗೆ ಕಾಣುವ ಫಲಕ್ಕಾಗಿ ದುಡಿದವರೂ ಅವರಲ್ಲ.

ಪದವಿ ಬೇರೆ, ಸೇವೆ ಬೇರೆ

ಬೈಬಲಿನಲ್ಲಿ ದೇವರು ಕರೆದವರ ವಯಸ್ಸು ನೋಡಿ. ಸಮುವೇಲ ಬಾಲಕ. ಫರೋಹನ ಮುಂದೆ ನಿಂತಾಗ ಮೋಶೆಗೆ ಎಂಬತ್ತು. ದೇವಾಲಯದಲ್ಲಿ ಹಸುಳೆ ಯೇಸುವನ್ನು ಗುರುತಿಸಿದ ಅನ್ನ ಎಂಬತ್ನಾಲ್ಕರ ವಿಧವೆ. ಉಪವಾಸ, ಪ್ರಾರ್ಥನೆಯೇ ಆಕೆಯ ಕೆಲಸವಾಗಿತ್ತು. ಇಂದು ನಮ್ಮ ಚರ್ಚುಗಳಲ್ಲಿ ಬಡವರ ಮನೆಗಳಿಗೆ ಹೋಗಿ ನೆರವಾಗುವ ಸಂತ ವಿನ್ಸೆಂಟ್ ಪಾವ್ಲ್ ಸಭೆಯನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಕಟ್ಟುವಾಗ ಫ್ರೆಡರಿಕ್ ಓಜನಾಮ್‌ಗೆ ಇಪ್ಪತ್ತೇ ವರ್ಷ.

ಹಾಗಾದರೆ ನಾವು ಎಡವುವುದೆಲ್ಲಿ? ಸೇವೆಯನ್ನು ಪದವಿಯ ಜೊತೆ ಕಟ್ಟಿಹಾಕಿರುವಲ್ಲಿ. ಪಾಲನಾ ಮಂಡಳಿಯ ಉಪಾಧ್ಯಕ್ಷರಾಗಿಯೋ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರಾಗಿಯೋ ಇದ್ದಷ್ಟು ದಿನ ಓಡಾಡುತ್ತೇವೆ. ಅವಧಿ ಮುಗಿದ ಮರುದಿನ ಮನೆ ಸೇರುತ್ತೇವೆ. ಪದವಿಗೆ ಅವಧಿ ಇರಲೇಬೇಕು. ಕುರ್ಚಿಯನ್ನು ಸಕಾಲದಲ್ಲಿ ಕಿರಿಯರಿಗೆ ಬಿಟ್ಟುಕೊಡುವುದು ಹಿರಿಯರು ಮಾಡಬಹುದಾದ ದೊಡ್ಡ ಸೇವೆ. ಆದರೆ ಕುರ್ಚಿ ಬಿಟ್ಟವರಿಗೆ ಕೆಲಸ ತಪ್ಪಬಾರದು.

ಕೆಲಸ ಬೇಕಾದಷ್ಟಿದೆ. ಮಕ್ಕಳೆಲ್ಲ ಪರದೇಶದಲ್ಲಿರುವ ಮನೆಗಳಲ್ಲಿ ಒಂಟಿ ಮುದುಕಿಗೆ ಔಷಧಿಯ ಹೊತ್ತು ನೆನಪಿಸುವವರು ಬೇಕು. ನಿವೃತ್ತ ನರ್ಸಿಗೆ ನೆರೆಕರೆಯವರ ಬಿಪಿ ನೋಡುವುದು ಕಷ್ಟವಲ್ಲ. ಬ್ಯಾಂಕಿನಲ್ಲಿದ್ದವರು ಮೀನುಗಾರ ಕುಟುಂಬಕ್ಕೆ ಪಿಂಚಣಿ ಅರ್ಜಿ ತುಂಬಿಸಿಕೊಡಬಹುದು. ಆ ಕುಟುಂಬದ ಧರ್ಮ ಯಾವುದೆಂದು ಕೇಳಬೇಕಿಲ್ಲ. ಕಾಲೇಜು ಹುಡುಗ ವಾರಕ್ಕೊಮ್ಮೆ ಅಜ್ಜನನ್ನು ಬೈಕಿನಲ್ಲಿ ಪೂಜೆಗೆ ಕರೆದೊಯ್ಯಬಹುದು. ಹಾಸಿಗೆ ಹಿಡಿದವರೂ ಖಾಲಿ ಕೂತವರಲ್ಲ. ಸಂಜೆಯ ತೇರ್ಸ್ (ಜಪಮಾಲೆ) ನಡೆಸುವ ಅಜ್ಜಿಯ ಬಾಯಿಯಿಂದಲೇ ಎಷ್ಟೋ ಮಕ್ಕಳು ಕೊಂಕಣಿಯ ಪ್ರಾರ್ಥನೆಗಳನ್ನು ಕಲಿತಿದ್ದಾರೆ. ಆ ಅಜ್ಜಿ ಸುಮ್ಮನಾದರೆ ಮನೆ ಕಳೆದುಕೊಳ್ಳುವುದು ಸಣ್ಣದಲ್ಲ.

ಪೋಪ್ ಫ್ರಾನ್ಸಿಸ್ 2021ರಿಂದ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಮತ್ತು ಹಿರಿಯರ ದಿನವಾಗಿ ಗೊತ್ತುಮಾಡಿದರು. ಅಂದು ಹಿರಿಯರಿಗೆ ಹೂ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರೆ ಸಾಲದು. ಒಬ್ಬ ಹಿರಿಯರನ್ನೂ ಒಬ್ಬ ಕಿರಿಯರನ್ನೂ ಜೊತೆ ಮಾಡಿ, ವಾಳೆಯ ಒಂದು ಕಷ್ಟದ ಮನೆಯನ್ನು ಆ ಇಬ್ಬರಿಗೆ ವಹಿಸಿಕೊಡಲಿ. ಯಾರ ಮನೆಗೆ ಹೇಗೆ ಹೋಗಬೇಕು, ಏನು ಮಾತಾಡಬೇಕೆಂಬುದು ಹಿರಿಯರಿಗೆ ಗೊತ್ತು; ಓಡಾಡುವ ಕಾಲು ಕಿರಿಯರದು. ಹಿರಿಯರಿಗೆ ಆಗದ ದಿನ ಬಂದಾಗ ಆ ಮನೆಯ ದಾರಿ ಕಿರಿಯರಿಗೆ ತಿಳಿದಿರುತ್ತದೆ. ಶ್ರೀಲಂಕಾದ ಹಳ್ಳಿಗಳಲ್ಲಿ ಜೋಸೆಫ್ ವಾಜ್ ಬಯಸಿದ್ದೂ ಕೆಲಸ ಒಬ್ಬರೊಂದಿಗೇ ಮುಗಿಯಬಾರದೆಂದೇ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಚರ್ಚಿಗೂ ಇದಕ್ಕೆ ಕಟ್ಟಡ ಬೇಡ, ದೇಣಿಗೆ ಬೇಡ; ಬರುವ ಭಾನುವಾರವೇ ಶುರುಮಾಡಬಹುದು.