ರಾಡಿಯ ಹರಿವೂ ಋತುಮಾನವೂ

ಮನೆಯ ಬಚ್ಚಲಿನಿಂದ ಹೊರಬಿದ್ದ ನೀರು ಎತ್ತ ಹೋಗುತ್ತದೆಂದು ನಾವು ವಿಚಾರಿಸುವುದು ವಿರಳ. ನಮ್ಮ ವಿಮಾನ ನಗರದಂತಹ ಬಡಾವಣೆಗಳ ಕೆಲವು ಹೌಸಿಂಗ್ ಸೊಸೈಟಿಗಳು ತಮ್ಮ ಆವರಣದಲ್ಲಿಯೇ ಮಲಿನಜಲ ಶುದ್ಧೀಕರಣ ಘಟಕವನ್ನು ಹೊಂದಿವೆ. ಶುದ್ಧವಾದ ನೀರು ತೋಟಕ್ಕೆ ಸಲ್ಲುತ್ತದೆ. ತೊಟ್ಟಿಯ ತಳದಲ್ಲಿ ರಾಡಿ ಉಳಿಯುತ್ತದೆ. ಅದನ್ನು ಹೊರಸಾಗಿಸುವ ಕಷ್ಟವು ಋತುವಿನೊಡನೆ ಬದಲಾಗುತ್ತದೆ.

ಗಟ್ಟಿಯಾಗಿ ಕಂಡರೂ ರಾಡಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 95 ಪಾಲಿನಷ್ಟು ನೀರೇ ಇರುತ್ತದೆ. ನೀರು ತಣ್ಣಗಾದಷ್ಟೂ ಅದರ ಸ್ನಿಗ್ಧತೆ, ಎಂದರೆ ಹರಿವಿಗೆ ಒಡ್ಡುವ ಪ್ರತಿರೋಧ, ಹೆಚ್ಚುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 10 ಡಿಗ್ರಿಯಲ್ಲಿ ಅದು ಸರಿಸುಮಾರು ಇಮ್ಮಡಿ. ಪುಣೆಯ ಚಳಿಗಾಲದ ರಾತ್ರಿಗಳೂ ಬೇಸಗೆಯ ಮಧ್ಯಾಹ್ನಗಳೂ ಈ ಅಂಕಿಗಳ ಆಸುಪಾಸಿಗೆ ಬರುತ್ತವೆ. ತೊಟ್ಟಿಯೊಳಗೆ ಅಷ್ಟು ಏರಿಳಿತವಿಲ್ಲದಿದ್ದರೂ ಪರಿಣಾಮ ಅದೇ ಬಗೆಯದು.

ಆದರೆ ರಾಡಿಯು ಬರಿಯ ನೀರಲ್ಲ. ಗಟ್ಟಿ ಮೊಸರು ಪಾತ್ರೆಯನ್ನು ವಾಲಿಸಿದರೂ ಕದಲದೆ, ಕಡೆದೊಡನೆ ತೆಳುವಾಗುವಂತೆ, ರಾಡಿಯೂ ಒಂದು ಮಿತಿಯ ಒತ್ತಡ ಬೀಳುವವರೆಗೆ ಅಲುಗದು. ಅಲುಗಿದ ಮೇಲೆ ಸಡಿಲವಾಗಿ ಹರಿಯುತ್ತದೆ. ಘನಾಂಶ ತುಸು ಏರಿದರೂ ಈ ಮೊಂಡುತನ ಬಹಳ ಹೆಚ್ಚುತ್ತದೆ. ಆದುದರಿಂದಲೇ ಚಳಿಗಾಲದಲ್ಲಿ ಪಂಪಿಗೆ ಶ್ರಮ ಹೆಚ್ಚು; ರಾತ್ರಿಯೆಲ್ಲ ನಿಂತ ಕೊಳವೆ ಬೆಳಿಗ್ಗೆ ಕಟ್ಟಿಕೊಳ್ಳುವುದುಂಟು.

ಹಾಗಾದರೆ ಬೇಸಗೆ ಒಳ್ಳೆಯದೇ? ಹರಿವಿಗೆ ಒಳ್ಳೆಯದು, ಆರೋಗ್ಯಕ್ಕಲ್ಲ. ಶಾಖದಲ್ಲಿ ಸೂಕ್ಷ್ಮಜೀವಿಗಳು ಚುರುಕಾಗುವುದರಿಂದ ನಿಂತ ರಾಡಿಯು ಬೇಗನೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಗಾಳಿಗಿಂತ ಭಾರವಾದ ಈ ಅನಿಲ ತೊಟ್ಟಿಯ ತಳದಲ್ಲಿ ಶೇಖರವಾಗುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ. ಪ್ರಮಾಣ ಏರಿದಾಗ ಮೂಗಿನ ಗ್ರಹಣಶಕ್ತಿಯೇ ಕುಂದಿ, ಅನಿಲ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಚಳಿಗಾಲದಲ್ಲಿಯೂ ಅದು ಇಲ್ಲದಿಲ್ಲ. ರಾಡಿಯನ್ನು ಕದಡಿದೊಡನೆ ಅಡಗಿದ್ದ ಅನಿಲ ಒಮ್ಮೆಲೇ ಹೊರಬರಬಹುದು.

ಕೊಳವೆ ಕಟ್ಟಿಕೊಂಡಾಗ "ಒಬ್ಬನನ್ನು ಇಳಿಸಿದರೆ ಐದು ನಿಮಿಷದ ಕೆಲಸ" ಎನ್ನುವವರಿದ್ದಾರೆ. ಪ್ರಾಣ ಹೋಗುವುದು ಇಂತಹ ಸಂದರ್ಭದಲ್ಲಿಯೇ. ಸುರಕ್ಷಾ ಸಾಧನಗಳಿಲ್ಲದೆ ಮಲದ ಗುಂಡಿಗೆ, ಒಳಚರಂಡಿಗೆ ಜನರನ್ನು ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಒಳಚರಂಡಿಯ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬದುಕುವ ನನಗೂ ಇದು ಜಮಾಖರ್ಚಿಗೆ ಒಗ್ಗುವ ಬಾಬ್ತಾಗಿ ತೋರದು. ಹಣ ತೆತ್ತರೆ ಹೋದ ಜೀವ ಮರಳಿ ಬಾರದು.

ಸದಸ್ಯರು ಮಾಡಬೇಕಾದುದು ಇಷ್ಟೇ: ಬೇಸಗೆಗೆ ಮುನ್ನ ರಾಡಿಯನ್ನು ಯಂತ್ರದಿಂದ ತೆಗೆಸುವುದು, ಚಳಿಗಾಲದಲ್ಲಿ ಸ್ವಲ್ಪಸ್ವಲ್ಪವಾಗಿ ಪದೇಪದೇ ಪಂಪು ಮಾಡಿಸುವುದು, ಕರಿದ ಎಣ್ಣೆಯನ್ನು ಮೋರಿಗೆ ಸುರಿಯದಿರುವುದು. ಕೊಳವೆ ಕಟ್ಟಿಕೊಂಡರೆ, ಎರಡು ದಿನ ತಡವಾದರೂ ಸರಿಯೆ, ರಾಡಿ ಹೀರುವ ಯಂತ್ರವನ್ನೇ ಕರೆಸಬೇಕೆಂದು ಓದುಗ ಬಂಧುಗಳಲ್ಲಿ ನನ್ನ ವಿನಂತಿ.